ತೊವ್ವೆ ಮೇಲಿನ ನುಗ್ಗೇಕಾಯಿ

ನಮ್ಮ ಮನೆಯಲ್ಲಿ ಪ್ರವಾಸ ಅಂದರೆ ಮೊದಲು ಒಂದು ಫೈಲು ಹುಟ್ಟುತ್ತದೆ. ಮೂವತ್ತೊಂದು ವರ್ಷ ಆಡಿಟ್ ವಿಭಾಗದಲ್ಲಿ ಕೂತು ಊರವರ ವೋಚರುಗಳಲ್ಲಿ ತಪ್ಪು ಹುಡುಕಿ ನಿವೃತ್ತಳಾದವಳು ನಾನು. ಚಾಳಿ ಹೋಗಿಲ್ಲ. ತಿರುಪತಿಗೆ ಹೋದಾಗಲೂ ಫೈಲಿತ್ತು. ಅದರಲ್ಲಿ ‘ಲಡ್ಡು ಸಿಗದಿದ್ದರೆ’ ಅಂತ ಒಂದು ಪುಟವೇ ಇತ್ತು.

ಹಾಗಾಗಿ ಮ್ಯೂನಿಕ್‌ನಲ್ಲಿರುವ ಮಗ ಫೋನ್ ಮಾಡಿ, “ಅಮ್ಮ, ಆಗಸ್ಟ್ ಮೊದಲ ವಾರ ರಜೆ ಸಿಕ್ಕಿದೆ. ಅಜ್ಜೀನೂ ಕರ್ಕೊಂಡು ಬನ್ನಿ, ಗ್ರೀಸಿನ ಯಾವುದಾದ್ರೂ ದ್ವೀಪಕ್ಕೆ ಹೋಗೋಣ” ಅಂದಾಗ ನನಗೆ ಕಡಲಿನ ಅಲೆಯೇನೂ ಕೇಳಿಸಲಿಲ್ಲ. ಪಂಚಿಂಗ್ ಮೆಷಿನ್ ಎಲ್ಲಿಟ್ಟೆ ಅಂತ ಯೋಚನೆಯಾಯಿತು.

ನಮ್ಮನೆಯವರದು ಒಂದೇ ಆಕ್ಷೇಪಣೆ. “ದ್ವೀಪ ನೋಡೋಕೆ ಅಷ್ಟು ದೂರ ಯಾಕೆ? ಮಲ್ಪೇಲಿ ದೋಣಿ ಹತ್ತಿದ್ರೆ ಸೇಂಟ್ ಮೇರೀಸ್. ಸಂಜೆ ಉಡುಪೀಲಿ ಮಸಾಲೆದೋಸೆ.” ಅದನ್ನು ಫೈಲಿನಲ್ಲಿ ನಮೂದಿಸಿ ತಳ್ಳಿಹಾಕಿದೆ.

ಗ್ರೀಸಿನಲ್ಲಿ ಜನ ವಾಸವಿರುವ ದ್ವೀಪಗಳೇ ಇನ್ನೂರಕ್ಕೂ ಹೆಚ್ಚು. ಕೇಳಿದವರೆಲ್ಲ ಹೇಳಿದ್ದು ಮಾತ್ರ ಒಂದೇ ಹೆಸರು, ಸಾಂಟೋರಿನಿ. ಕ್ಯಾಲೆಂಡರಿನಲ್ಲಿ ಬರುತ್ತದಲ್ಲ, ಬಿಳಿ ಮನೆ, ನೀಲಿ ಗುಮ್ಮಟ, ಅದೇ. ಓದಿ ನೋಡಿದರೆ ಅದು ಮೂರು ಸಾವಿರದ ಐನೂರು ವರ್ಷಕ್ಕೂ ಹಿಂದೆ ಸಿಡಿದ ಜ್ವಾಲಾಮುಖಿಯ ಬಾಯಂಚು. ಊರು ಕೂತಿರುವುದು ಕಡಿದಾದ ಬಂಡೆಯ ನೆತ್ತಿಯ ಮೇಲೆ. ಹಳೇ ಬಂದರಿನಿಂದ ಫಿರಾ ಊರಿಗೆ ಆರುನೂರರ ಹತ್ತಿರ ಮೆಟ್ಟಿಲು. ಹತ್ತಲಾಗದವರಿಗೆ ಕೇಬಲ್ ಕಾರು, ಇಲ್ಲವೇ ಕತ್ತೆ. ಅತ್ತೆಗೆ ಎಪ್ಪತ್ತೆಂಟು, ಎರಡೂ ಮಂಡಿ ಸವೆದಿವೆ. ಸಾಂಟೋರಿನಿಯ ಮೇಲೆ ಅಡ್ಡಗೆರೆ ಎಳೆದೆ. ದ್ವೀಪದಿಂದ ದ್ವೀಪಕ್ಕೆ ಓಡಾಡುವ ಫೆರಿ ಹಡಗುಗಳು ನಿಲ್ಲುವುದು ಬೇರೆ ಬಂದರಿನಲ್ಲಿ, ಅಲ್ಲಿಂದ ಮೇಲಕ್ಕೆ ಬಸ್ಸೇ ಇದೆ ಅಂತ ತಿಳಿದದ್ದು ಆಮೇಲೆ. ಅಷ್ಟು ಹೊತ್ತಿಗೆ ಕತ್ತೆ ಏರಿದ ತಾಯಿಯ ಚಿತ್ರ ನಮ್ಮನೆಯವರ ತಲೆಗೆ ಹೊಕ್ಕು, ನಾಲ್ಕು ದಿನ ಒಬ್ಬರೇ ಕೂತು ನಗುತ್ತಿದ್ದರು.

ಆರಿಸಿದ್ದು ನಾಕ್ಸೋಸ್. ಸಿಕ್ಲಡೀಸ್ ಅನ್ನುವ ದ್ವೀಪಗುಚ್ಛದಲ್ಲಿ ಇದೇ ದೊಡ್ಡದು. ಬಂದರಿನ ಪಕ್ಕದಲ್ಲೇ ಊರು, ಊರಿನ ಪಕ್ಕದಲ್ಲೇ ಮರಳದಂಡೆ. ಹಡಗು ಸಮೀಪಿಸುವಾಗಲೇ ಎದುರಿಗೆ ಒಂದು ಭಾರಿ ಅಮೃತಶಿಲೆಯ ಬಾಗಿಲುವಾಡ ಕಾಣುತ್ತದೆ. ಎರಡೂವರೆ ಸಾವಿರ ವರ್ಷದ ಹಿಂದೆ ದೇವಸ್ಥಾನ ಕಟ್ಟಲು ಶುರುಮಾಡಿ ಅರ್ಧಕ್ಕೇ ಬಿಟ್ಟಿದ್ದಾರೆ, ಥೇಟ್ ನಮ್ಮ ಬಡಾವಣೆಯ ಸಮುದಾಯ ಭವನದ ಹಾಗೆ. ಅತ್ತೆಯನ್ನು ಒಪ್ಪಿಸಿದ್ದು ಬಾಗಿಲಲ್ಲ, ಆಲೂಗಡ್ಡೆ. ನಾಕ್ಸೋಸಿನ ಆಲೂಗಡ್ಡೆ ಇಡೀ ಗ್ರೀಸಿಗೇ ಹೆಸರುವಾಸಿ. “ನಮ್ಮ ಹಾಸನದ ಥರ ಅನ್ನು. ಹಾಗಾದ್ರೆ ಊಟಕ್ಕೇನೂ ತೊಂದ್ರೆಯಿಲ್ಲ ಬಿಡು” ಅಂದರು.

ವೀಸಾಕ್ಕೆ ಫೋಟೋ 35 ಮಿಲಿಮೀಟರ್ ಅಗಲ, 45 ಎತ್ತರ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ. ತಲೆಗೆ 90 ಯೂರೋ ಶುಲ್ಕ. ಇವೆಲ್ಲ ನನಗೆ ಹಬ್ಬದೂಟ. ಅನಾಹುತ ಆದದ್ದು ಬ್ಯಾಂಕ್ ಸ್ಟೇಟ್‌ಮೆಂಟಿನಿಂದ. ಮೂವತ್ತೊಂದು ವರ್ಷದ ಅಭ್ಯಾಸ ನೋಡಿ, ಲಗತ್ತಿಸುವ ಮುಂಚೆ ಒಂದು ಸಲ ಕಣ್ಣಾಡಿಸಿದೆ. ನಮ್ಮನೆಯವರ ಖಾತೆಯಲ್ಲಿ ಯುಪಿಐ 45 ರೂಪಾಯಿ, ಯುಪಿಐ 30 ರೂಪಾಯಿ, ಯುಪಿಐ 60 ರೂಪಾಯಿ. ಎಲ್ಲವೂ ಬೆಳಿಗ್ಗೆ ಆರೂವರೆ ವಾಕಿಂಗ್‌ಗೆಂದು ಹೋಗುವ ದಾರಿಯ ಬೇಕರಿಗೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯ ಮನುಷ್ಯ! ಹಳದಿ ಮಾರ್ಕರ್ ಹಿಡಿದು ಹದಿನೇಳು ಕಡೆ ಗೆರೆ ಎಳೆದು ಮುಂದಿಟ್ಟೆ. ಅವರು ಒಂದು ಮಾತೂ ಆಡದೆ ನನ್ನ ಸ್ಟೇಟ್‌ಮೆಂಟ್ ಎಳೆದುಕೊಂಡು, ನನ್ನದೇ ಮಾರ್ಕರಿನಿಂದ ಒಂದೇ ಒಂದು ಸಾಲಿಗೆ ಬಣ್ಣ ಹಚ್ಚಿದರು. ರೇಷ್ಮೆ ಸೀರೆ ಪ್ರದರ್ಶನ, 18,400. “ಅದು ನಿನ್ನ ತಂಗಿ ಕೊಡಿಸಿದ್ದು ಅಂದಿದ್ದೆ ಅಲ್ವೇ?” ಬಣ್ಣ ಬಳಿದದ್ದನ್ನು ಲಗತ್ತಿಸುವಂತಿಲ್ಲವಲ್ಲ, ಮತ್ತೆ ಬ್ಯಾಂಕಿಗೆ ಹೋಗಿ ಎರಡನ್ನೂ ಹೊಸದಾಗಿ ತರಬೇಕಾಯಿತು. ಇಬ್ಬರೂ ಆಟೋದಲ್ಲಿ ಒಂದೊಂದು ಕಡೆ ನೋಡಿಕೊಂಡು ಕೂತಿದ್ದೆವು. ವೀಸಾ ಕೊಡುವವರಿಗೆ ಬೇಕರಿಯೂ ಕಾಣಲಿಲ್ಲ, ಸೀರೆಯೂ ಕಾಣಲಿಲ್ಲ. ಮೂರಕ್ಕೆ ಮೂರೂ ಪಾಸು.

ಮುಂದಿನದು ಗಾಳಿ. ಜುಲೈ, ಆಗಸ್ಟಿನಲ್ಲಿ ಏಜಿಯನ್ ಕಡಲಿನ ಮೇಲೆ ಉತ್ತರದಿಂದ ಮೆಲ್ಟೆಮಿ ಅಂತ ಒಂದು ಗಾಳಿ ಬೀಸುತ್ತದೆ. ಅದು ಬೋಫೋರ್ಟ್ ಮಾಪಕದಲ್ಲಿ ಎಂಟು ದಾಟಿದರೆ ಹಡಗುಗಳನ್ನು ಬಂದರಿನಲ್ಲೇ ಕಟ್ಟಿಹಾಕುತ್ತಾರೆ. ವಾಪಸು ವಿಮಾನ ತಪ್ಪಿದರೆ? ಏಪ್ರಿಲಿನಿಂದಲೇ ದಿನಾ ಬೆಳಿಗ್ಗೆ ಮೊಬೈಲಿನಲ್ಲಿ ನಾಕ್ಸೋಸಿನ ಗಾಳಿ ನೋಡತೊಡಗಿದೆ. ಒಂದು ದಿನ ಹಾಗೆ ನೋಡುತ್ತಿದ್ದಾಗ ಮುಂಗಾರುಪೂರ್ವ ಗಾಳಿಗೆ ನಮ್ಮ ತಾರಸಿಯ ಬಟ್ಟೆಗಳೆಲ್ಲ ಪಕ್ಕದ ಮನೆಯ ಸಂಪಿಗೆ ಮರ ಸೇರಿದವು. ಅದು ನನ್ನ ಫೈಲಿನ ವ್ಯಾಪ್ತಿಗೆ ಬರುವುದಿಲ್ಲ. ಗಾಳಿಗೆಂದು ಎರಡು ದಿನ ಹೆಚ್ಚುವರಿ ಇಟ್ಟೆ. ಆಗಿದ್ದೇನು? ಹಡಗು ಗಡಿಯಾರ ನೋಡಿಕೊಂಡು ಬಂತು. ಆ ಎರಡು ದಿನ ಅಥೆನ್ಸಿನ ಉರಿಬಿಸಿಲಿನಲ್ಲಿ ಬೆಂದೆವು. ಬಿಸಿಲು ಹೆಚ್ಚೆಂದು ಮಧ್ಯಾಹ್ನ ಅಕ್ರೊಪೊಲಿಸ್ಸಿನ ಗೇಟೂ ಮುಚ್ಚಿತ್ತು. ಹೋಟೆಲಿನ ಎ.ಸಿ.ಯ ಎದುರು ಸಾಲಾಗಿ ಕೂತಿದ್ದಾಗ ಮಗ ಕೇಳಿದ, “ಅಮ್ಮ, ಇದೇನಾ ನಿನ್ನ ಗಾಳಿ?”

ಸಾಮಾನಿನ ವಿಷಯ ಹೆಚ್ಚು ಹೇಳುವುದಿಲ್ಲ. ಯೂರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪದ ಡಬ್ಬಿ ಮನೆಯಲ್ಲೇ ಉಳಿಯಿತು ಅಂದಾಗ ಅತ್ತೆ ಅರ್ಧ ದಿನ ಮಾತು ಬಿಟ್ಟರು. ಚಟ್ನಿಪುಡಿ, ಗೊಜ್ಜವಲಕ್ಕಿ ಹೋಯಿತು. ಅಲ್ಲಿ ಕೊಳವೆಗಳು ಸಣ್ಣವು, ಶೌಚದ ಕಾಗದವನ್ನು ಕಮೋಡಿಗೆ ಹಾಕದೆ ಪಕ್ಕದ ಬುಟ್ಟಿಗೇ ಹಾಕಬೇಕೆಂದು ಓದಿದೆ. ನಮಗೆ ಕಾಗದವೇ ಬೇಡವಲ್ಲ! ಒಂದು ಪ್ಲಾಸ್ಟಿಕ್ ಮಗ್ ಇಟ್ಟುಕೊಂಡೆ. ಇಡೀ ಫೈಲಿನಲ್ಲಿ ಯಾರೂ ತಕರಾರು ತೆಗೆಯದ ಐಟಂ ಅದೊಂದೇ.

ಭಾಷೆಗೆ ಬರೋಣ. ನಮ್ಮನೆಯವರು ಕಲಿಯಲು ಖಡಾಖಂಡಿತ ಒಪ್ಪಲಿಲ್ಲ. ಎರಡನೇ ಶತಮಾನದ ಒಂದು ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೆಂದು ಹುಲ್ಟ್ಷ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ವಾದಿಸಿದ್ದು, ಗೋವಿಂದ ಪೈಗಳು ಅದರ ಬಗ್ಗೆ ಬರೆದದ್ದು ಅವರಿಗೆ ಕಂಠಪಾಠ. “ಈಜಿಪ್ಟಿನ ತಿಪ್ಪೇಲಿ ಸಿಕ್ಕ ಪಪೈರಸ್ಸಿನಲ್ಲೇ ಅವರು ಕನ್ನಡ ಮಾತಾಡಿದಾರೆ. ಈಗ ಮರೆತಿದ್ರೆ ಅದು ಅವರ ತಪ್ಪು.” ಅದು ಕನ್ನಡವೇ ಅಲ್ಲ ಅನ್ನುವ ವಿದ್ವಾಂಸರೂ ಇದ್ದಾರೆ ಅಂದರೆ ಕೇಳುವುದಿಲ್ಲ. ಆ ನಾಟಕದ ವಿದೂಷಕ ಶತ್ರುಗಳನ್ನು ಓಡಿಸುವುದು ಹೂಸು ಬಿಟ್ಟು. ಹುರುಳಿಕಾಳಿನ ಉಸಲಿ ಮಾಡಿದ ರಾತ್ರಿಗಳಲ್ಲಿ ಪ್ರಾಚೀನ ಸಾಹಿತ್ಯದ ಈ ಭಾಗ ನಮ್ಮ ಮನೆಯಲ್ಲಿ ಪ್ರಸ್ತಾಪಕ್ಕೆ ಬರುತ್ತಿತ್ತು.

ನಾನು ಮಾತ್ರ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದೆ. ‘ಓಹಿ’ ಅಂದರೆ ಇಲ್ಲ; ನಮ್ಮ ಊಹೂಂ ಇದ್ದ ಹಾಗೇ ಇದೆ. ‘ನೇ’ ಅಂದರೆ ಹೌದು. ನಮ್ಮ ಕಿವಿಗೆ ಯಾವಾಗಲೂ ಹಿಂದಿಯ ನಹೀ. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೆಂಪಿನಲ್ಲಿ ಬರೆದೆ: ಐದು ಬೆರಳೂ ಅಗಲಿಸಿ ಅಂಗೈಯನ್ನು ಯಾರ ಮುಖದ ಕಡೆಗೂ ತೋರಿಸಬಾರದು. ಅದಕ್ಕೆ ಮೂಂಡ್ಜಾ ಅನ್ನುತ್ತಾರೆ, ಅಲ್ಲಿ ಅದು ಕೆಟ್ಟ ಬೈಗುಳ. ಎರಡೂ ಕೈ ತೋರಿಸಿದರೆ ದುಪ್ಪಟ್ಟು ಬೈದ ಹಾಗೆ. “ಅಯ್ಯೋ, ಅದು ಅಭಯಹಸ್ತ ಅಲ್ಲವೇನೇ? ರಾಘವೇಂದ್ರಸ್ವಾಮಿಗಳು ಅಲ್ಲಿ ಹೋದ್ರೆ ಏನು ಗತಿ?” ಅಂದರು ಅತ್ತೆ. ಮೂರು ತಿಂಗಳು ಅವರಿಗೆ ಕೈ ಮಡಚಿಟ್ಟುಕೊಳ್ಳುವ ಅಭ್ಯಾಸ ಮಾಡಿಸಿದೆ.

ಈ ಎಲ್ಲದರ ಮೇಲೆ ಕಳಶವಿಟ್ಟ ಹಾಗಿದ್ದ ನನ್ನ ಸಂಶೋಧನೆ ಒಂದು ಪದ: ನಿಸ್ತೀಸಿಮೋ. ಆಗಸ್ಟ್ 15 ಅವರಿಗೆ ಮೇರಿ ಮಾತೆಯ ದೊಡ್ಡ ಹಬ್ಬ. ಅದಕ್ಕೆ ಮುಂಚೆ 1ರಿಂದ 14ರವರೆಗೆ ಆರ್ಥಡಾಕ್ಸ್ ಕ್ರೈಸ್ತರಲ್ಲಿ ನೇಮಸ್ಥರು ವ್ರತ ಹಿಡಿಯುತ್ತಾರೆ. ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲುಮೊಸರೂ ಇಲ್ಲ. ಆ ವ್ರತದೂಟವೇ ನಿಸ್ತೀಸಿಮೋ. ನಮ್ಮ ಶ್ರಾವಣ, ಅವರ ವ್ರತ, ನಮ್ಮ ರಜೆ, ಮೂರೂ ಒಂದೇ ವಾರ! ಆಡಿಟಿನಲ್ಲಿ ಎರಡು ಕಡೆಯ ಮೊತ್ತ ಪೈಸೆ ತಪ್ಪದೆ ತಾಳೆಯಾದಾಗ ಮಾತ್ರ ಸಿಗುವ ಸುಖ ಅದು. ಪದ ಬರೆದ ಚೀಟಿಯನ್ನು ಎಲ್ಲರ ಜೇಬಿಗೂ ಹಾಕಿದೆ.

ನಾಕ್ಸೋಸಿನ ಮೊದಲ ಸಂಜೆ. ಕಡಲ ದಂಡೆಯಲ್ಲಿ ಸಾಲಾಗಿ ಟವೆರ್ನಾಗಳು, ನಮ್ಮ ಖಾನಾವಳಿಗಳ ಹಾಗೆ, ಬೀದಿಗೇ ಮೇಜು ಹಾಕಿ. ಒಂದರ ಮುಂದೆ ಹಗ್ಗ ಕಟ್ಟಿ ಏನೋ ಒಣಹಾಕಿದ್ದರು. ಅತ್ತೆ ಕಣ್ಣು ಕಿರಿದು ಮಾಡಿ, “ಇದೇನೇ, ಊಟದ ಜಾಗದಲ್ಲಿ ಬನಿಯನ್ ಒಣಗಿಸಿದಾರೆ” ಅಂದರು. ನಾನು ಫೈಲಿನಲ್ಲಿ ಮುಳುಗಿದ್ದೆ, ತಲೆ ಎತ್ತಿ ನೋಡಲಿಲ್ಲ.

ಮಾಣಿ ಬಂದ. ಮೆನುವಿನಲ್ಲಿ ‘ಫಾವಾ’ ತೋರಿಸಿದೆ. ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ ಮೇಲೆ ಹಸಿ ಆಲಿವ್ ಎಣ್ಣೆ ಸುರಿಯುತ್ತಾರೆ. ಒಗ್ಗರಣೆಯೊಂದು ಬಿಟ್ಟರೆ ಸಾಕ್ಷಾತ್ ತೊವ್ವೆ. ಅತ್ತೆಯನ್ನು ತೋರಿಸಿ, ಮೂರು ತಿಂಗಳು ಕಾಪಾಡಿಕೊಂಡು ಬಂದ ಪದವನ್ನು ಬಿಡಿಸಿ ಬಿಡಿಸಿ ಹೇಳಿದೆ, “ನಿಸ್ತೀಸಿಮೋ.” ಅವನ ಮುಖ ಅರಳಿತು. ಎದೆಯ ಮೇಲೆ ಕೈಯಿಟ್ಟು “ನೇ, ನೇ!” ಅಂದ. “ಇಲ್ವಂತಾ?” ಅಂದರು ನಮ್ಮನೆಯವರು. “ಹೌದು ಅಂತ ರೀ” ಅಂದೆ, ಗೆದ್ದವಳ ದನಿಯಲ್ಲಿ.

ತಟ್ಟೆ ಬಂತು. ಹೊಂಬಣ್ಣದ ತೊವ್ವೆ, ಎಣ್ಣೆಯ ಮಿನುಗು, ನಡುವೆ ಗೇಣುದ್ದದ ಏನೋ ಒಂದು, ತುದಿ ಸುರುಳಿ ಸುತ್ತಿಕೊಂಡು, ಕೆಂಡದಲ್ಲಿ ಸುಟ್ಟ ಕಪ್ಪು.

“ತೊವ್ವೆಗೆ ನುಗ್ಗೇಕಾಯಿ ಹಾಕಿದಾರೆ ನೋಡೇ, ಪಾಪ” ಅಂದರು ಅತ್ತೆ, ಚಮಚ ಎತ್ತುತ್ತ.

ನಮ್ಮನೆಯವರು ಬಗ್ಗಿ ನೋಡಿದರು. “ಅಮ್ಮಾ, ತಾಳು. ನುಗ್ಗೇಕಾಯಿಗೆ ಗುಂಡಿ ಇರಲ್ಲ.”

ಇತ್ತು. ಅಂಗಿ ಗುಂಡಿಗಳ ಹಾಗೆ ಎರಡು ಸಾಲು, ಬುಡದಲ್ಲಿ ದೊಡ್ಡವು, ತುದಿಗೆ ಹೋಗುತ್ತ ಸಣ್ಣವು. ಮಗ ಮೊಬೈಲು ತೆಗೆದು ಓದಿದ. ಆರ್ಥಡಾಕ್ಸ್ ವ್ರತದಲ್ಲಿ ಮೀನಿಗೆ ನಿಷೇಧ, ಆದರೆ ಚಿಪ್ಪಿನ ಜೀವಿಗಳು, ಆಕ್ಟೋಪಸ್ ಇವಕ್ಕೆ ಕೆಂಪು ರಕ್ತವಿಲ್ಲವೆಂದು ಅಡ್ಡಿಯಿಲ್ಲ. ಫಾವಾದ ಮೇಲೆ ಸುಟ್ಟ ಆಕ್ಟೋಪಸ್ ಕಾಲು ಇಡುವುದು ಅಲ್ಲಿ ಮಾಮೂಲು. ಅಂದರೆ ಅಜ್ಜಿಯ ವ್ರತಕ್ಕೆ ಗೌರವ ಕೊಟ್ಟೇ ಆತ ಕಾಲು ಇಟ್ಟಿದ್ದ. ಹಗ್ಗದ ಮೇಲಿದ್ದದ್ದೂ ಬನಿಯನ್ ಅಲ್ಲ.

ಅತ್ತೆ ಚಮಚ ಬಿಟ್ಟು, “ಬೇಡಪ್ಪಾ, ಬೇಡ!” ಅಂತ ಎರಡೂ ಅಂಗೈಯನ್ನು, ಹತ್ತೂ ಬೆರಳು ಅಗಲಿಸಿ, ಮಾಣಿಯ ಮುಖಕ್ಕೇ ಹಿಡಿದರು.

ಇಡೀ ಟವೆರ್ನಾ ಗಪ್‌ಚಿಪ್. ಫೈಲು ತೆಗೆದು ಕ್ಷಮೆ ಕೇಳುವ ಪದ ಹುಡುಕಿದೆ. ‘ಸಿಗ್ನೋಮಿ’ ಇದ್ದ ಪುಟ ‘ಗಾಳಿ’ ವಿಭಾಗದೊಳಗೆ ಸೇರಿಕೊಂಡಿತ್ತು, ಸಿಗಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕಪ್ಪು ಉಡುಪಿನ ಒಬ್ಬ ಮುದುಕಿ ಕೈ ಒರೆಸಿಕೊಳ್ಳುತ್ತ ಬಂದಳು. ಅತ್ತೆಯ ಹಣೆ ನೋಡಿದಳು, ತಟ್ಟೆ ನೋಡಿದಳು, ಮಾಣಿಯ ತಲೆಗೆ ಒಂದು ಮೊಟಕಿ, ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಎರಡು ನಿಮಿಷವೂ ಆಗಿರಲಿಲ್ಲ, ತಟ್ಟೆ ವಾಪಸು ಬಂತು. ತೊವ್ವೆ, ಎಣ್ಣೆ, ಕೊತ್ತಂಬರಿಯಂಥ ಸೊಪ್ಪು, ನಟ್ಟನಡುವೆ ಒಂದು ನಿಂಬೆ ಹೋಳು. ಕಾಲು ಇದ್ದ ಜಾಗದಲ್ಲೇ, ಕಾಲಿನಷ್ಟೇ ಉದ್ದಕ್ಕೆ ಸೊಪ್ಪು ಹರಡಿತ್ತು.

ನಮ್ಮನೆಯವರು ನನ್ನ ಕಡೆ ನೋಡಿದರು. ಮಗ ನನ್ನ ಕಡೆ ನೋಡಿದ. ಇದು ಹೊಸ ತಟ್ಟೆಯೋ ಹಳೇದೋ, ಎದ್ದು ಹೋಗಿ ಒಳಗೆ ಇಣುಕಿದರೆ ಅರ್ಧ ನಿಮಿಷದ ಕೆಲಸ. ಮೂವತ್ತೊಂದು ವರ್ಷ ನಾನು ಮಾಡಿದ್ದು ಅದೇ ತಾನೇ.

“ಚೆನ್ನಾಗಿದೆ ಕಣೇ” ಅಂದರು ಅತ್ತೆ, ಬೆರಳು ಚೀಪುತ್ತ. “ಒಂದು ಥರ ಸೊಗಡಿದೆ. ಇನ್ನೊಂದು ಸೌಟು ಹಾಕಿಸು.”

ನಾನು ಫೈಲು ಮುಚ್ಚಿ, ಸಮುದ್ರ ನೋಡತೊಡಗಿದೆ.