ಜಿಲ್ಲಾ ಮಟ್ಟಕ್ಕೆ ಆಯ್ಕೆ

ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕಲಾಪ್ರತಿಭೆಯನ್ನು ಪತ್ತೆ ಹಚ್ಚುವ ಅಧಿಕೃತ ಏರ್ಪಾಡಿನ ಹೆಸರು ಪ್ರತಿಭಾ ಕಾರಂಜಿ. ಶಾಲಾ ಶಿಕ್ಷಣ ಇಲಾಖೆ ನಡೆಸುವ ಈ ಸ್ಪರ್ಧೆ ಕ್ಲಸ್ಟರಿನಲ್ಲಿ ಹುಟ್ಟಿ, ತಾಲ್ಲೂಕು, ಜಿಲ್ಲೆಗಳನ್ನು ದಾಟಿ ರಾಜ್ಯ ಮಟ್ಟ ಮುಟ್ಟುತ್ತದೆ. ಭಾವಗೀತೆ, ಜಾನಪದ ನೃತ್ಯ, ಭರತನಾಟ್ಯ, ಚಿತ್ರಕಲೆ, ರಂಗೋಲಿ, ಮಿಮಿಕ್ರಿ, ಛದ್ಮವೇಷ, ಗಝಲ್, ಕವ್ವಾಲಿ, ಆಶುಭಾಷಣ, ಧಾರ್ಮಿಕ ಪಠಣ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಜಾಗ ಸಾಲದಿರುವುದು ಸ್ಪರ್ಧೆ ನಡೆಯುವ ಶಾಲೆಯಲ್ಲಿ ಮಾತ್ರ. ಒಂಬತ್ತನೇ 'ಎ'ಯಲ್ಲಿ ಭಾವಗೀತೆ, ಒಂಬತ್ತನೇ 'ಬಿ'ಯಲ್ಲಿ ಡೊಳ್ಳು ಎಂದು ಕೊಠಡಿ ಹಂಚಿಕೆಯಾದ ದಿನ, ಹಾಡುವ ಹುಡುಗಿ ತನ್ನ ದನಿ ತನಗೇ ಕೇಳಲೆಂದು ಏರುಕಂಠದಲ್ಲಿ ಹಾಡುತ್ತಾಳೆ. ಅದನ್ನು ಭಾವಾವೇಶವೆಂದು ತಿಳಿದು ತೀರ್ಪುಗಾರರು ಎರಡು ಅಂಕ ಹೆಚ್ಚಿಗೆ ಕೊಡುವುದೂ ಉಂಟು.

ಸ್ಪರ್ಧಿಗಳ ಆಯ್ಕೆ ಸರಳ. ಸುತ್ತೋಲೆ ಬಂದ ಮರುದಿನ ಮೇಷ್ಟ್ರು ತರಗತಿಗೆ ಬಂದು, "ಯಾರಿಗೆ ಹಾಡೋಕೆ ಬರುತ್ತೋ ಎದ್ದು ನಿಂತ್ಕೊಳ್ರಿ" ಎನ್ನುತ್ತಾರೆ. ಯಾರೂ ಏಳುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಿಂದ, "ಸಾರ್, ಇವ್ಳು ಹಾಡ್ತಾಳೆ ಸಾರ್" ಎಂಬ ದೂರು ಬರುತ್ತದೆ. "ಇಲ್ಲ ಸಾರ್, ಸುಳ್ಳು ಸಾರ್" ಎಂದು ಆಪಾದಿತೆ ಅಳುಮೋರೆ ಮಾಡುತ್ತಾಳೆ. ಹಾಗೆ ಸಿಕ್ಕಿಬಿದ್ದವಳ ಹೆಸರೇ ಭಾವಗೀತೆಗೆ, ಜಾನಪದ ಗೀತೆಗೆ, ಗಝಲ್‌ಗೆ, ಜನ ಸಾಲದೆ ಹೋದರೆ ಕವ್ವಾಲಿಗೂ ಬರೆದಾಗುತ್ತದೆ. ಕವ್ವಾಲಿಯನ್ನು ಹುಟ್ಟಿದಂದಿನಿಂದ ಕೇಳದ ಆರು ಮಂದಿ, ಟೀಚರಮ್ಮನ ಮೊಬೈಲಿನಲ್ಲಿ ಅದನ್ನು ನೋಡಿ, ಒಂದೇ ವಾರದಲ್ಲಿ ಚಪ್ಪಾಳೆಯನ್ನಾದರೂ ಕಲಿತುಬಿಡುತ್ತಾರೆ. ತಮಾಷೆ ಬದಿಗಿಟ್ಟು ಹೇಳುವುದಾದರೆ, ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿಯರ ಬಾಯಲ್ಲಿ ಉರ್ದು ಸಾಲೊಂದು ಸಲೀಸಾಗಿ ಹೊರಳುವಂತೆ ಮಾಡುವ ವ್ಯವಸ್ಥೆ ನಾಡಿನಲ್ಲಿ ಬೇರೆ ಇದ್ದಂತಿಲ್ಲ.

ಜಾನಪದ ನೃತ್ಯ ಕಲಿಸುವ ಹೊಣೆ ಸಾಮಾನ್ಯವಾಗಿ ಪಿ.ಟಿ. ಮೇಷ್ಟ್ರ ಪಾಲಿನದು. ಕಾರಣ, ಪೀಪಿ ಇರುವುದು ಅವರ ಬಳಿ. ಉದಾಹರಣೆಗೆ, ಕಂಸಾಳೆ ಮಲೆ ಮಹದೇಶ್ವರನ ಭಕ್ತರ ಕಲೆ. ಕಂಚಿನ ತಾಳವನ್ನು ಬೀಸಿ, ತಿರುಗಿಸಿ, ಮಲಗಿ, ಬಾಗಿ ಬಾರಿಸುವ ಅದರ ವರಸೆಗಳು ವರ್ಷಗಟ್ಟಲೆ ಅಭ್ಯಾಸ ಬೇಡುತ್ತವೆ. ಶಾಲೆಯಲ್ಲಿ ಅದಕ್ಕೆ ಸಿಗುವುದು ಊಟದ ಬಿಡುವಿನ ನಂತರದ ಅರ್ಧ ಗಂಟೆ. ಹೀಗಾಗಿ ಕಂಸಾಳೆಗೂ ಕೋಲಾಟಕ್ಕೂ ವೀರಗಾಸೆಗೂ 'ಒನ್, ಟೂ, ತ್ರೀ, ಫೋರ್' ಎಂಬ ಒಂದೇ ತಾಳ ಗಟ್ಟಿಯಾಗಿ, ಕುಣಿತ ಮುಗಿದೊಡನೆ ಮಕ್ಕಳು ತಾವಾಗಿ ಸಾವಧಾನ್ ಭಂಗಿಯಲ್ಲಿ ನಿಲ್ಲುತ್ತಾರೆ. ಹಾಡು ಪೆನ್‌ಡ್ರೈವಿನಲ್ಲಿರುತ್ತದೆ. ತಾಲ್ಲೂಕು ಮಟ್ಟದ ಸೌಂಡ್ ಸಿಸ್ಟಮ್ಮಿಗೂ ಶಾಲೆಯ ಪೆನ್‌ಡ್ರೈವಿಗೂ ಹೊಂದಿಕೆಯಾಗದೆ, ಬಣ್ಣ ಬಳಿದುಕೊಂಡ ಹತ್ತು ವೀರಭದ್ರರು ಕತ್ತಿ ಹಿಡಿದು ವೇದಿಕೆಯ ಮೇಲೆ ಸುಮ್ಮನೆ ನಿಂತಿರುವ ದೃಶ್ಯ ಪ್ರತಿಭಾ ಕಾರಂಜಿಗೆ ಹೊಸದಲ್ಲ.

ಛದ್ಮವೇಷದಲ್ಲಿ ಹದಿನೆಂಟನೆಯ ಶತಮಾನದ ಚಿತ್ರದುರ್ಗಕ್ಕೆ ಇಂದಿಗೂ ಮೊದಲ ಆದ್ಯತೆ. ಒಂದೇ ಮಧ್ಯಾಹ್ನ ನಾಲ್ಕೈದು ಓಬವ್ವಂದಿರು ಥರ್ಮಾಕೋಲಿನ ಒನಕೆ ಹಿಡಿದು ಸರದಿಗೆ ಕಾಯುತ್ತಾರೆ. ಹೈದರಾಲಿಯ ಸೈನಿಕನ ಪಾತ್ರಕ್ಕೆ ಮಾತ್ರ ಯಾವ ಶಾಲೆಯೂ ಹುಡುಗನನ್ನು ಕಳಿಸಿದ್ದಿಲ್ಲ. ಮಿಮಿಕ್ರಿಯ ಹುಡುಗ ನಾಯಿ, ಬೆಕ್ಕು, ಕಾಗೆ ಮುಗಿಸಿ ರೈಲಿಗೆ ಬರುತ್ತಾನೆ. ದೇಶದ ಬ್ರಾಡ್‌ಗೇಜ್ ಹಳಿಗಳಿಂದ ಹಬೆ ಎಂಜಿನ್ನು ನಿವೃತ್ತಿಯಾದದ್ದು 1995ರಲ್ಲಿ. ಅದಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಈ ಕಲಾವಿದನ ರೈಲು ಇನ್ನೂ 'ಚುಕುಬುಕು' ಎಂದೇ ಓಡುತ್ತಿದೆ, ತೀರ್ಪುಗಾರರೂ ಅದನ್ನೇ ರೈಲು ಎಂದು ಒಪ್ಪುತ್ತಾರೆ. ವಂದೇ ಭಾರತ್ ರೈಲಿನ ಸದ್ದು ಮಾಡಿ ಗೆದ್ದವರಿಲ್ಲ. ಡಾ. ರಾಜ್, ಶಂಕರ್‌ನಾಗ್, ವಜ್ರಮುನಿ ಇವರ ದನಿಗಳೂ ಹೀಗೆ ಮಕ್ಕಳಿಂದ ಮಕ್ಕಳಿಗೆ ಸಾಗಿಬಂದಿವೆ. ಮೂಲವನ್ನು ಕೇಳದೆ ನಕಲನ್ನು ನಕಲು ಮಾಡುವ ಈ ಪರಂಪರೆಯಲ್ಲಿ ವಜ್ರಮುನಿ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಕ್ರೂರಿಯಾಗುತ್ತಿದ್ದಾರೆ.

ಹೈಸ್ಕೂಲಿನ ಕಲಾಸ್ಪರ್ಧೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪಕ್ಕದ ಕೇರಳವನ್ನು ನೋಡಬೇಕು. ಅಲ್ಲಿನ ರಾಜ್ಯ ಶಾಲಾ ಕಲೋತ್ಸವ 1957ರ ಜನವರಿಯಲ್ಲಿ ಎರ್ನಾಕುಳಂನಲ್ಲಿ ಆರಂಭವಾಯಿತು. 1958ರ ಕಲೋತ್ಸವದಲ್ಲಿ ಶಾಸ್ತ್ರೀಯ ಗಾಯನಕ್ಕೆ ಮೊದಲ ಬಹುಮಾನ ಪಡೆದ ಹುಡುಗ ಕೆ.ಜೆ. ಯೇಸುದಾಸ್, ಮೃದಂಗಕ್ಕೆ ಪಡೆದವರು ಪಿ. ಜಯಚಂದ್ರನ್. ಗೆದ್ದ ಜಿಲ್ಲೆಗೆ 117.5 ಪವನು ಚಿನ್ನದ ಕಪ್ಪು ಸಿಗುತ್ತದೆ. ಚಿನ್ನ ಇರುವಲ್ಲಿ ವ್ಯಾಜ್ಯವೂ ಇರಬೇಕಲ್ಲ: ತೀರ್ಪು ಒಪ್ಪದ ತಂದೆತಾಯಿಯರು ಮೇಲ್ಮನವಿ ಸಲ್ಲಿಸುತ್ತಾರೆ, ಕೋರ್ಟಿಗೂ ಹೋಗುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ದಯೆಯಿಂದ ಈ ಉತ್ಸವದಲ್ಲಿ ಕನ್ನಡ ಪದ್ಯವಾಚನ, ಕನ್ನಡ ಭಾಷಣಗಳೂ ಇವೆ, ಯಕ್ಷಗಾನವೂ ಇದೆ. ಕರ್ನಾಟಕದಲ್ಲಿ ಮೇಲ್ಮನವಿಯ ಪದ್ಧತಿ ಅಷ್ಟಾಗಿ ಬೆಳೆದಿಲ್ಲ. ಸೋತ ಶಾಲೆಯ ಟೀಚರು "ಜಡ್ಜು ಅವರ ಕಡೆಯೋರೇ" ಎಂದು ಬಸ್ಸಿನಲ್ಲಿ ಎರಡು ಸಲ ಹೇಳಿದರೆ ಪ್ರಕರಣ ಮುಗಿಯಿತು.

2015ರಲ್ಲಿ ಕೇಂದ್ರ ಸರ್ಕಾರ ಒಂಬತ್ತರಿಂದ ಹನ್ನೆರಡನೇ ತರಗತಿಯವರಿಗಾಗಿ 'ಕಲಾ ಉತ್ಸವ' ಎಂಬ ರಾಷ್ಟ್ರೀಯ ಸ್ಪರ್ಧೆಯನ್ನು ತಂದ ಮೇಲೆ ರಾಜ್ಯ ಮಟ್ಟದಾಚೆಗೂ ಒಂದು ಮೆಟ್ಟಿಲು ದೊರೆಯಿತು. ಅಲ್ಲಿ ಚಿತ್ರಕ್ಕೆ ಎರಡು ಆಯಾಮ, ಶಿಲ್ಪಕ್ಕೆ ಮೂರು ಆಯಾಮ ಎಂಬ ವಿಂಗಡಣೆ ಇದೆ. ಶಾಲೆಗಳಲ್ಲಿ ಎಷ್ಟೋ ಕಾಲದಿಂದ ನೆಲೆನಿಂತಿರುವ ಚಿತ್ರಕ್ಕೆ ಒಂದೇ ಆಯಾಮ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ಗುಡಿಸಲು, ಮೇಲೆ 'ವಿ' ಅಕ್ಷರದ ಹಕ್ಕಿಗಳು. ಗುಡ್ಡವನ್ನೇ ಕಾಣದ ಬಯಲಿನ ಹುಡುಗನೂ ಇದನ್ನೇ ಬರೆಯುತ್ತಾನೆ.

ಇದರಿಂದ ಮೇಲೇಳಲು ಇರುವ ದಾರಿ ಶಾಲಾ ಪರೀಕ್ಷಾ ಮಂಡಳಿ ನಡೆಸುತ್ತ ಬಂದಿರುವ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳು. ಮೇಜಿನ ಮೇಲಿಟ್ಟ ಬಿಂದಿಗೆಯನ್ನೂ ಬದನೆಕಾಯಿಯನ್ನೂ ಗಂಟೆಗಟ್ಟಲೆ ದಿಟ್ಟಿಸಿ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದು ನೋಡಲು ಕಲಿತವನ ಕೈ ಮತ್ತೆ ಆ 'ವಿ' ಹಕ್ಕಿಗಳನ್ನು ಬರೆಯಲು ಹಿಂಜರಿಯುತ್ತದೆ. ಆದರೆ ಕಲಿಸುವ ಡ್ರಾಯಿಂಗ್ ಮೇಷ್ಟ್ರು ಬಿಡುವಾಗಿ ಸಿಗಬೇಕು. ಸ್ವಾಗತದ ಬ್ಯಾನರು, ವಾರ್ಷಿಕೋತ್ಸವದ ಪರದೆ, ಗೋಡೆಯ ಮೇಲಿನ ನುಡಿಮುತ್ತು, ಪರೀಕ್ಷಾ ಕೊಠಡಿಯ ರಿಜಿಸ್ಟರ್ ನಂಬರು, ಎಲ್ಲವೂ ಅವರ ಕುಂಚದಿಂದಲೇ ಆಗಬೇಕು. ಅಷ್ಟರಲ್ಲಿ ಅವರು ನಿವೃತ್ತರಾಗುತ್ತಾರೆ. ಆ ಹುದ್ದೆ ಎಷ್ಟೋ ಕಡೆ ಖಾಲಿಯೇ ಉಳಿಯುತ್ತದೆ.

ಗೆಲುವಿನ ವರದಿ ಸ್ಥಳೀಯ ಪತ್ರಿಕೆಯಲ್ಲಿ 'ಜಿಲ್ಲಾ ಮಟ್ಟಕ್ಕೆ ಆಯ್ಕೆ' ಎಂಬ ತಲೆಬರಹದಲ್ಲಿ ಬರುತ್ತದೆ. ಹಾಡಿದವಳಿಗೆ ಒಂದು ಸಾಲು. ಅಭಿನಂದಿಸಿದ ಮುಖ್ಯೋಪಾಧ್ಯಾಯರು, ಎಸ್.ಡಿ.ಎಂ.ಸಿ. ಅಧ್ಯಕ್ಷರು, ಸದಸ್ಯರು, ಸಿಬ್ಬಂದಿ, ಊರಿನ ಮುಖಂಡರಿಗೆ ಐದು ಸಾಲು. ಫೋಟೋದಲ್ಲಿ ಪ್ರಮಾಣಪತ್ರವನ್ನು ಎಲ್ಲರೂ ಹಿಡಿದಿರುತ್ತಾರೆ, ಹಾಡಿದವಳ ಬೆರಳೂ ಒಂದು ಮೂಲೆಯಲ್ಲಿ ಕಾಣುತ್ತದೆ. ಕಪ್ಪು ಮುಖ್ಯೋಪಾಧ್ಯಾಯರ ಕೋಣೆಯ ಗಾಜಿನ ಬೀರುವಿಗೆ ಹೋಗುತ್ತದೆ. ಮನೆಮಾತಾಗಿರುವ ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಅದರ ಪಾಲು ಸೊನ್ನೆ.

ಆದ್ದರಿಂದಲೇ ಡಿಸೆಂಬರ್ ಬಂತೆಂದರೆ ಮೊದಲು ಕೈಬಿಡುವುದು ಚಿತ್ರಕಲೆಯ ಪಿರಿಯಡ್ಡು. "ಪೋರ್ಷನ್ ಮುಗೀಲಿಲ್ಲ, ಇದೊಂದ್ಸಲ ಕೊಡಿ ಸಾರ್" ಎಂದು ಕಡ ಒಯ್ದ ಆ ಪಿರಿಯಡ್ಡುಗಳನ್ನು ಗಣಿತದ ಮೇಷ್ಟ್ರುಗಳು ಯಾವ ಶಾಲೆಯಲ್ಲೂ ಹಿಂದಿರುಗಿಸಿದ ದಾಖಲೆಯಿಲ್ಲ. ಲೆಕ್ಕ ಬಲ್ಲವರು ಅವರು. ಬಡ್ಡಿ ಬೇಡ, ದಯವಿಟ್ಟು ಅಸಲನ್ನಾದರೂ ವಾಪಸು ಕೊಡಬೇಕು.