50 ವ್ಯಾಟಿನ ಎಂಎಸ್ಸಿ

ತೋಟಗಾರಿಕೆಯಲ್ಲಿ ಎಂಎಸ್ಸಿ ಮಾಡುತ್ತೇನೆಂದು ನಾನು ಮನೆಯಲ್ಲಿ ಬಾಯಿಬಿಟ್ಟ ದಿನ ಅಪ್ಪಯ್ಯ ತೆಂಗಿನ ಬುಡ ಬಿಡಿಸುತ್ತಿದ್ದರು. ಹಾರೆ ಕೆಳಗಿಡದೆಯೇ ಕೇಳಿದರು: "ಬಿಎಸ್ಸಿಯಲ್ಲಿ 4 ವರ್ಷ ಅದನ್ನೇ ಅಲ್ದಾ ಓದಿದ್ದ್? ಇನ್ನೂ ಎಂತ ಬಾಕಿ ಇತ್ತ್?"

ಬೆಂಗಳೂರಿನಲ್ಲಿ ಹೋಟೆಲ್ ಇಟ್ಟಿರುವ ಚಿಕ್ಕಪ್ಪ ಫೋನಿನಲ್ಲೇ ಲೆಕ್ಕ ಮುಗಿಸಿದರು. 4 ಮತ್ತು 2 ಕೂಡಿದರೆ 6. ಆ 6 ವರ್ಷ ಕ್ಯಾಶಿನಲ್ಲಿ ಕೂತಿದ್ದರೆ ಅಷ್ಟು ಹೊತ್ತಿಗೆ ನನ್ನದೇ ಒಂದು ದರ್ಶಿನಿ ಆಗುತ್ತಿತ್ತಂತೆ. ಕುಂದಾಪುರದ ಕಡೆ ಯಾವ ಹುಡುಗನ ಭವಿಷ್ಯ ಅಳೆಯುವುದಕ್ಕೂ ಹೋಟೆಲೇ ಸೇರು, ಹೋಟೆಲೇ ಪಾವು.

ರಾಜ್ಯದಲ್ಲಿ ತೋಟಗಾರಿಕೆಗೆಂದೇ ಒಂದು ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾಯಿತು. ನಮಗೆ ಹತ್ತಿರದ್ದು ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ. ಬ್ರಹ್ಮಾವರದ ಸಂಶೋಧನಾ ಕೇಂದ್ರ ಅದರದ್ದೇ. ನಾನು ಓದಿದ್ದು ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಮುಂದಿನದನ್ನು ಓದಿದರೆ ನನಗೆ ಪಾಠ ಹೇಳಿದವರ ಮರ್ಯಾದೆ ಉಳಿಯಲಿ ಎಂದು ನಿಮಗೂ ಅನ್ನಿಸುತ್ತದೆ.

ಎಂಎಸ್ಸಿಗೆ ಬಂದ ಮೇಲೆ ತೋಟವನ್ನು ಪಾಲು ಮಾಡುತ್ತಾರೆ. ಹಣ್ಣಿನವರು ಬೇರೆ, ತರಕಾರಿಯವರು ಬೇರೆ, ತೆಂಗು ಅಡಿಕೆ ಕಾಳುಮೆಣಸಿನವರು ಬೇರೆ. ನನ್ನ ಪಾಲಿಗೆ ಬಂದದ್ದು ಹೂವು. ಇದನ್ನು ನೆಂಟರಿಗೆ ತಿಳಿಸುವುದು ಹೇಗೆ? ಬೈಂದೂರಿನ ಮಾವ ಒಂದು ದಿನ ವಾಟ್ಸ್ಯಾಪಿನಲ್ಲಿ ತೆಂಗಿನ ಗರಿಯ 11 ಫೋಟೋ ಕಳಿಸಿದರು. ಗರಿಯ ಅಡಿಯಲ್ಲಿ ಬಿಳಿ ಸುರುಳಿ, ಕೆಳಗಿನ ಬಾಳೆಎಲೆಯ ಮೇಲೆ ಮಸಿ ಬಳಿದ ಹಾಗೆ ಕಪ್ಪು. ನನ್ನ ವಿಭಾಗ ಅಲ್ಲದಿದ್ದರೂ ಗುರುತು ಸಿಕ್ಕಿತು: ಸುರುಳಿ ಬಿಳಿನೊಣ. 2016ರಲ್ಲಿ ತಮಿಳುನಾಡು, ಕೇರಳದ ಕಡೆ ಕಾಣಿಸಿಕೊಂಡು ಆಮೇಲೆ ನಮ್ಮ ಕರಾವಳಿಗೂ ಹಬ್ಬಿದ ಪೀಡೆ. ಅದಕ್ಕೆ ಕಂಡಾಬಟ್ಟೆ ಕೀಟನಾಶಕ ಹೊಡೆಯಬಾರದು. ಹೊಡೆದರೆ ಆ ನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಮುಗಿಸುವ ಕಣಜದಂಥ ಸಣ್ಣ ಕೀಟವೇ ಮೊದಲು ಸಾಯುತ್ತದೆ. ಹಾಗಾಗಿ ಹೇಳಿದೆ: "ಮಾವ, ಔಷಧಿ ಎಂತದೂ ಬೇಡ. ಮಸಿ ಜಾಸ್ತಿ ಇದ್ದರೆ ತಿಳಿ ಗಂಜಿ ಸಿಂಪಡಿಸಿ, ಒಣಗಿ ಸಿಪ್ಪೆಯ ಹಾಗೆ ಉದುರುತ್ತದೆ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಗಂಜಿ ನಾವ್ ಉಂಬುದ್ ಮಾರಾಯಾ. ಎಂತದೂ ಮಾಡ್ದೆ ಕೂಕಣಿ ಅಂತ ಹೇಳೂಕೆ ಎಂಎಸ್ಸಿ ಬೇಕಾ?"

ನಾನು ಕೊಟ್ಟ ಸಲಹೆಗಳಲ್ಲಿ ನೂರಕ್ಕೆ ನೂರು ಸರಿಯಿದ್ದದ್ದು ಅದೊಂದೇ. ಅದನ್ನೂ ಅವರು ಪಾಲಿಸಲಿಲ್ಲ.

ಪ್ರಬಂಧಕ್ಕೆ ವಿಷಯ ಆರಿಸುವಾಗ ನನಗೆ ಊರಿನ ಅಭಿಮಾನ ಉಕ್ಕಿತು. ನಮ್ಮದು ಹೆಮ್ಮಾಡಿಯ ಕಡೆ. ಹೆಮ್ಮಾಡಿ ಸೇವಂತಿಗೆ ಗೊತ್ತಲ್ಲ, ಸಣ್ಣ ಹಳದಿ ಹೂವು. ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಸರಿಯಾಗಿ ಗದ್ದೆಗಟ್ಟಲೆ ಅರಳುತ್ತದೆ. ಮೊದಲ ಹೂ ದೇವರಿಗೆ, ಆಮೇಲೆ ಮಾರಾಟ. ಆ ದಿನ ಮಾರಣಕಟ್ಟೆಗೆ ಹೋದ ಯಾರ ಕೈಯಲ್ಲಿ ನೋಡಿದರೂ ಸೇವಂತಿಗೆ. ಇಂಥ ಹೂವಿನ ಮೇಲೆ ನಾನು ಪ್ರಯೋಗ ಮಾಡಿ ಊರಿಗೆ ಉಪಕಾರ ಮಾಡಬೇಡವೇ? ಗೈಡ್ ಒಪ್ಪಿದರು. ನಮ್ಮ ಮನೆ ಗದ್ದೆಯಲ್ಲೇ ತಾಕು ಹಾಕಲು ಅನುಮತಿ ಸಿಕ್ಕಿತು. ಪ್ರಬಂಧದ ಹೆಸರು "ಕರಾವಳಿ ವಲಯದ ಸ್ಥಳೀಯ ಸೇವಂತಿಗೆಯಲ್ಲಿ ಕುಡಿ ಚಿವುಟುವಿಕೆ ಮತ್ತು ಪೋಷಕಾಂಶ ನಿರ್ವಹಣೆಯು ಬೆಳವಣಿಗೆ, ಹೂಬಿಡುವಿಕೆ ಹಾಗೂ ಇಳುವರಿಯ ಮೇಲೆ ಬೀರುವ ಪರಿಣಾಮ". ಅಮ್ಮನಿಗೆ ಓದಿ ಹೇಳಿದೆ. "ಕುಡಿ ಚಿವುಟುದಾ? ಅದ್ ನಾವ್ ಮಾಡ್ತ್ ಇಪ್ಪುದೇ ಅಲ್ದಾ" ಎಂದು ಅವರು ಒಲೆಯ ಕಡೆ ತಿರುಗಿದರು.

ಮಣ್ಣು ಪರೀಕ್ಷೆಯಿಂದ ಕೆಲಸ ಶುರು. ಪುಸ್ತಕದಲ್ಲಿದ್ದ ಹಾಗೆ ಗದ್ದೆಯಲ್ಲಿ ಗುರುತು ಹಾಕಿದ ಪ್ರತಿ ತಾಕಿನ ಹತ್ತು ಕಡೆ ವಿ ಆಕಾರದಲ್ಲಿ ಅಗೆದು, ಕಲಸಿ, ನಾಲ್ಕು ಪಾಲು ಮಾಡಿ, ಎರಡು ಬಿಸಾಡಿ, ಅರ್ಧ ಕಿಲೋಗೆ ಇಳಿಸಿ, 21 ತಾಕಿನದ್ದೂ ಬೇರೆಬೇರೆ ಚೀಲದಲ್ಲಿ ತುಂಬಿ ಬ್ರಹ್ಮಾವರದ ಬಸ್ಸು ಹತ್ತಿದೆ. ಕಂಡಕ್ಟರು ಗೋಣಿಯನ್ನು ಕಾಲಿನಲ್ಲಿ ಮುಟ್ಟಿ ನೋಡಿ, "ಎಂತದಿದ್?" ಎಂದರು. "ಮಣ್ಣು" ಎಂದೆ. "ಬ್ರಹ್ಮಾವರದಲ್ಲಿ ಮಣ್ಣಿಲ್ಯಾ?" ಬಸ್ಸಿಗೆ ಬಸ್ಸೇ ನಕ್ಕಿತು. ಲಗೇಜಿಗೆ ಪ್ರತ್ಯೇಕ ಟಿಕೆಟು ತೆಗೆದುಕೊಂಡು ಕುಂದಾಪುರ, ಕೋಟ, ಸಾಲಿಗ್ರಾಮ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತ ಕೂತೆ.

ಮಳೆ ಇಳಿದ ಮೇಲೆ ಕಂದು ಕಿತ್ತು ನೆಟ್ಟೆವು. 7 ಟ್ರೀಟ್‌ಮೆಂಟು, 3 ರೆಪ್ಲಿಕೇಶನ್ನು, ಒಟ್ಟು 21 ತಾಕು. ಯಾವ ತಾಕಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು, ಅದು ಸಂಖ್ಯಾಶಾಸ್ತ್ರದ ನಿಯಮ. ನಾನು ಚಾವಡಿಯಲ್ಲಿ ಕೂತು ಚೀಟಿ ಎತ್ತುವುದನ್ನು ನೋಡಿದ ಅಜ್ಜಿ, ಚೀಟಿಫಂಡು ಸೇರಿದ್ದೇನೆಂದು ತಿಳಿದು ಎರಡು ದಿನ ಮಾತು ಬಿಟ್ಟರು. ಪ್ರತಿ ತಾಕಿನ ಮುಂದೆ ತಗಡಿನ ಚೀಟಿ. ಗದ್ದೆಯ ನಡುವೆ 4 ಅಡಿ ಅಗಲ, 3 ಅಡಿ ಎತ್ತರದ ತಗಡಿನ ಬೋರ್ಡು: "ಸಂಶೋಧನಾ ತಾಕು. ಒಳಗೆ ಬರಬಾರದು." ಕೆಳಗೆ ನನ್ನ ಹೆಸರು, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಎಂಎಸ್ಸಿ. ಆವರಣದೊಳಗೆ ಸಣ್ಣದಾಗಿ "ಓದುತ್ತಿರುವ".

ದನಗಳಿಗೆ ಓದು ಬರುವುದಿಲ್ಲ. ಅಕ್ಟೋಬರಿನ ಒಂದು ರಾತ್ರಿ ಯಾರದೋ ಬೀಡಾಡಿ ದನ ನುಗ್ಗಿ ನಾಲ್ಕನೇ ಟ್ರೀಟ್‌ಮೆಂಟಿನ ಎರಡನೇ ತಾಕನ್ನು ಬುಡಸಮೇತ ತಿಂದುಹೋಯಿತು. ಒಂದು ತಾಕು ಹೋದರೆ ಉಳಿದವುಗಳ ಲೆಕ್ಕದಿಂದ ಅದನ್ನು ಅಂದಾಜು ಮಾಡುವ ಸೂತ್ರ ಉಂಟು. ಎರಡು, ಮೂರು ಹೋದರೆ ಸೂತ್ರ ಹಿಡಿಯುವವರೂ ಕೈಬಿಡುತ್ತಾರೆ. ಅಪ್ಪಯ್ಯ ಬಿದಿರಿನ ಬೇಲಿ ಹಾಕೋಣ ಎಂದರು. ಬೇಲಿ ಎಂದರೆ ಎರಡು ದಿನದ ಮೈಕೈ ನೋವು. ನಾನು ವಿಜ್ಞಾನದ ವಿದ್ಯಾರ್ಥಿ. ಪೇಟೆಗೆ ಹೋಗಿ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ತಂದು, ಮನೆಯ ಪಕ್ಕದ ಕಂಬಕ್ಕೆ ಕಟ್ಟಿ, ಗದ್ದೆಯ ಮೇಲೆ ಬಿಟ್ಟೆ. ಹಗಲಾದ ಹಾಗಾಯಿತು. ದನ ಬರಲಿಲ್ಲ, ಹಂದಿ ಬರಲಿಲ್ಲ. ಸಂಜೆ 6ಕ್ಕೆ ಹಾಕಿ ಬೆಳಿಗ್ಗೆ 6ಕ್ಕೆ ತೆಗೆಯುವುದು, ದಿನವೂ ತಪ್ಪದೆ. ಅಷ್ಟು ಶಿಸ್ತಿನಿಂದ ನಾನು ಬೇರೆ ಏನನ್ನೂ ಮಾಡಿದವನಲ್ಲ.

ಇಲ್ಲಿ ಓದುಗರಿಗೆ ಒಂದು ವಿಷಯ ಹೇಳಬೇಕು. ಇದಕ್ಕೆ ಬರೀ 6 ತಿಂಗಳ ಹಿಂದೆ ನಾನು ಕಾಲೇಜಿನಲ್ಲಿ ಒಂದು ಸೆಮಿನಾರು ಕೊಟ್ಟಿದ್ದೆ. ವಿಷಯ, ಹೂಬಿಡುವಿಕೆಯ ಮೇಲೆ ಹಗಲು ರಾತ್ರಿಗಳ ಪ್ರಭಾವ. ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು ಒಂದು ಜಾತಿಯ ತಂಬಾಕು ಬೇಸಿಗೆಯಲ್ಲಿ ಆಳೆತ್ತರ ಬೆಳೆದರೂ ಹೂ ಬಿಡದ್ದನ್ನು ಕಂಡು, ಕುಂಡಗಳನ್ನು ದಿನವೂ ಹೊತ್ತಿಗೆ ಮೊದಲೇ ನಾಯಿಗೂಡಿನಂಥ ಕತ್ತಲ ಗೂಡಿಗೆ ಸೇರಿಸಿ ಹೂ ಬಿಡಿಸಿದರು. 1920ರಲ್ಲಿ ಅದನ್ನು ಪ್ರಕಟಿಸಿದರು. ಗಿಡ ನಿಜವಾಗಿ ಲೆಕ್ಕ ಇಡುವುದು ಹಗಲನ್ನಲ್ಲ, ತಡೆಯಿಲ್ಲದ ಕತ್ತಲನ್ನು ಎಂದು 1938ರಲ್ಲಿ ಹ್ಯಾಮ್ನರ್, ಬಾನರ್ ತೋರಿಸಿದರು. ಕತ್ತಲೆಯ ನಡುವೆ ಬೆಳಕು ಬಿದ್ದರೆ ಇಂಥ ಗಿಡದ ಲೆಕ್ಕ ತಪ್ಪಿ ಮೊಗ್ಗು ಕೂರುವುದಿಲ್ಲ. ಜಪಾನಿನ ಐಚಿ ಪ್ರಾಂತ್ಯದಲ್ಲಿ ಇದನ್ನೇ ವ್ಯಾಪಾರ ಮಾಡಿಕೊಂಡು, ರಾತ್ರಿ ದೀಪ ಹಚ್ಚಿ ಹೂ ತಡಮಾಡಿಸಿ, ಬೆಲೆ ಇರುವಾಗ ಅರಳಿಸುತ್ತಾರೆ. ಯಾವ ಹೂವನ್ನು? ಸೇವಂತಿಗೆಯನ್ನು. ಇದೆಲ್ಲ ನನ್ನ ಸೆಮಿನಾರಿನಲ್ಲಿತ್ತು. 42 ಸ್ಲೈಡು. ಐಚಿಯ ಹಸಿರುಮನೆಗಳು ರಾತ್ರಿ ಹೊಳೆಯುವ ಫೋಟೋ 31ನೇ ಸ್ಲೈಡಿನಲ್ಲಿ. ಚಪ್ಪಾಳೆಯೂ ಬಿದ್ದಿತ್ತು.

ನವೆಂಬರು ಕಳೆಯಿತು. ನಮ್ಮ ಗಿಡ ಸೊಗಸಾಗಿ ಬೆಳೆದವು. ಎಂಥ ಎಲೆ, ಎಂಥ ಕಡುಹಸಿರು! ಬೆಳವಣಿಗೆಯ ಅಂಕಿಅಂಶ ನೋಡಿ ಗೈಡಿಗೂ ಸಂತೋಷ. ಡಿಸೆಂಬರಿನಲ್ಲಿ ಪಕ್ಕದ ಗದ್ದೆಯ ಅಕ್ಕನ ಗಿಡಗಳಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಕೂತವು. ನಮ್ಮಲ್ಲಿ ಎಲೆ. ಡಿಸೆಂಬರ್ ಕೊನೆಗೆ ಅವರಲ್ಲಿ ಕಡಲೆಯಷ್ಟು. ನಮ್ಮಲ್ಲಿ ಇನ್ನೂ ಎಲೆ. ಅಮ್ಮ ಒಂದು ದಿನ ಹರಿವೆಯ ಜೊತೆ ಇದನ್ನೂ ಪಲ್ಯ ಮಾಡಬಹುದಾ ಎಂದು ಕೇಳಿದರು.

ತಲೆಗೊಂದು ಕಾರಣ. ಅಪ್ಪಯ್ಯನಿಗೆ ಸರ್ಕಾರಿ ಗೊಬ್ಬರದ ಮೇಲೆ ಸಂಶಯ. ಅಜ್ಜಿ ದೃಷ್ಟಿಯಾಗಿದೆ ಎಂದು ಮೆಣಸು ನಿವಾಳಿಸಿ ಒಲೆಗೆ ಹಾಕಿ, ಘಾಟು ಬರಲಿಲ್ಲ ನೋಡಿ ಎಂದರು. ಬಸ್‌ಸ್ಟ್ಯಾಂಡಿನ ಅಂಗಡಿಯವರು ಇಬ್ಬನಿ ಸಾಲದು ಎಂದರು. ಅದೇ ಇಬ್ಬನಿ ಪಕ್ಕದ ಗದ್ದೆಗೆ ಸಾಕಾಗಿತ್ತು. ನಾನು ವೈಜ್ಞಾನಿಕವಾಗಿ ಯೋಚಿಸಿದೆ: ಸಾರಜನಕ ಹೆಚ್ಚಾಗಿರಬೇಕು, ಪೊಟ್ಯಾಷ್ ಕಡಿಮೆಯಾಗಿರಬೇಕು, ಥ್ರಿಪ್ಸ್ ಮೊಗ್ಗು ತಿಂದಿರಬೇಕು. ಥ್ರಿಪ್ಸ್ ಹುಡುಕಲು ಭೂತಗನ್ನಡಿ ಹಿಡಿದು ರಾತ್ರಿಯೂ ಗದ್ದೆಗೆ ಇಳಿದೆ. ಬೆಳಕು ಚೆನ್ನಾಗಿತ್ತಲ್ಲ, ಟಾರ್ಚು ಕೂಡ ಬೇಕಾಗಲಿಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಮಾರಣಕಟ್ಟೆಗೆ ಹೊರಡಬೇಕು. ನಮ್ಮ ಗದ್ದೆಯಿಂದಲೇ ಮೊದಲ ಹೂ ಹೋಗುವುದು ಮನೆಯ ವಾಡಿಕೆ. ಅಪ್ಪಯ್ಯ ಮಾತಾಡದೆ ಪಕ್ಕದ ಅಕ್ಕನ ಹತ್ತಿರ ಹೂ ಕೊಳ್ಳಲು ಹೋದರು. ಅಕ್ಕ ದುಡ್ಡು ತೆಗೆದುಕೊಳ್ಳಲಿಲ್ಲ. "ಓದುವ ಗಂಡಿಗೆ ಎಂತ ದುಡ್ಡ್" ಎಂದರಂತೆ. ದುಡ್ಡು ತೆಗೆದುಕೊಂಡಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಹೊರಡುವ ಹೊತ್ತಿಗೆ ಚಿಕ್ಕಪ್ಪನ ಮಗಳು, ಜಾತ್ರೆಗೆಂದು ಬೆಂಗಳೂರಿನಿಂದ ಬಂದವಳು, 4ನೇ ಕ್ಲಾಸು, ಗದ್ದೆಯ ಆಚೆ ಅಂಚಿನಿಂದ ಕೂಗಿದಳು: "ಅಣ್ಣಾ, ಇಲ್ಲಿ ನೆರಳಿಗೆ ಹೂ ಬಂದಿದೆ!"

ಆ ತುದಿಯಲ್ಲಿ ಪಂಪ್‌ಶೆಡ್ಡು. ಅದರ ಹಿಂದೆ ಐದಾರು ಮಾರು ಉದ್ದಕ್ಕೆ, ಹೋಗುತ್ತ ಹೋಗುತ್ತ ಅಗಲವಾಗುವ ಒಂದು ಹಳದಿ ಪಟ್ಟಿ. ಗೆರೆ ಎಳೆದ ಹಾಗೆ ಅಂಚು. ಈಚೆ ಗಿಡದಲ್ಲಿ ಬರೀ ಎಲೆ, ಆಚೆ ಗಿಡದ ತುಂಬ ಹೂವು. ತೆಂಗಿನ ಮರದ ಹಿಂದೆಯೂ ಒಂದು ಸಪೂರ ಹಳದಿ ಗೆರೆ. ಗದ್ದೆಯ ನಡುವೆ, ನನ್ನ ಬೋರ್ಡಿನ ಹಿಂದೆ, ಹಾಸಿದ ಚಾಪೆಯಂತೆ ಇನ್ನೊಂದು ಚೌಕ. ಮನೆಯ ಕಡೆಯಿಂದ ನೋಡುವ ನನಗೆ ಇಷ್ಟು ದಿನ ಅವು ಕಂಡಿರಲಿಲ್ಲ, ಬೋರ್ಡು ಅಡ್ಡವಿತ್ತು. ಅಳತೆ ಬರೆಯಲು ನಾನು ಆರಿಸಿ ಗುರುತು ಮಾಡಿದ್ದ ಗಿಡ ಒಂದೂ ಆ ನೆರಳುಗಳಲ್ಲಿರಲಿಲ್ಲ. ತಲೆ ಎತ್ತಿದೆ. ಕಂಬದ ಮೇಲೆ ಫ್ಲಡ್‌ಲೈಟು. 6 ಗಂಟೆ ದಾಟಿದ್ದರೂ ಅವತ್ತು ಆರಿಸಲು ಮರೆತಿದ್ದೆ.

ಗೈಡಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಸೆಮಿನಾರು ನೆನಪಿದೆಯೇನಪ್ಪಾ?"

"ಇದೆ ಸರ್."

"ಎಷ್ಟು ಸ್ಲೈಡು?"

"42 ಸರ್."

ಫೋನು ಇಟ್ಟುಬಿಟ್ಟರು. ಬೈದಿದ್ದರೆ ವಾಸಿಯಿತ್ತು.

ಸಂಕ್ರಾಂತಿಯ ಹೊತ್ತಿಗೆ ನಮ್ಮಲ್ಲಿ ಹಗಲು ಸುಮಾರು 11 ಗಂಟೆ 25 ನಿಮಿಷ. ನಮ್ಮ ಗದ್ದೆಯಲ್ಲಿ ಮಾತ್ರ ಅಕ್ಟೋಬರಿನಿಂದ ಹೆಚ್ಚುಕಡಿಮೆ 24 ಗಂಟೆಯೂ ಹಗಲೇ ಆಗಿತ್ತು. ಲೆಕ್ಕ ಹಾಕಿದರೆ 90 ದಿನ, ದಿನಕ್ಕೆ 12 ಗಂಟೆ, 50 ವ್ಯಾಟು: ಒಟ್ಟು 54 ಯೂನಿಟ್ ಕರೆಂಟು ಸುಟ್ಟು ನಾನು ಒಂದು ಗದ್ದೆ ಹೂವನ್ನು ತಡೆದಿದ್ದೆ. ದೀಪ ಆರಿಸಿದ ಮೇಲೆ ಎರಡು ತಿಂಗಳಿಗೆ, ಮಾರ್ಚಿನ ಉರಿಬಿಸಿಲಿನಲ್ಲಿ, ಅಷ್ಟೂ ಗಿಡ ಒಮ್ಮೆಲೇ ಹೂಬಿಟ್ಟವು. ಜಾತ್ರೆ ಇಲ್ಲ, ಕೊಳ್ಳುವವರಿಲ್ಲ. ಅಜ್ಜಿ ಮನೆಯ ದೇವರಿಗೆ ಬುಟ್ಟಿಗಟ್ಟಲೆ ಏರಿಸಿ, ದೇವರು ಕಾಣುವುದಿಲ್ಲ ಎಂದು ಅರ್ಧ ತೆಗೆದರು. ಬೈಂದೂರಿನ ಮಾವ ಬಂದು ಗದ್ದೆ ನೋಡಿ, "ಎಂತದೂ ಮಾಡ್ದೆ ಕೂಕಂಡಿದ್ರೆ ಆತಿತ್ತಲ್ದಾ?" ಎಂದರು.

ಮರುವರ್ಷ ಬಿದಿರಿನ ಬೇಲಿ ಹಾಕಿದೆವು. 4 ಸೆಮಿಸ್ಟರಿನಲ್ಲಿ ಮುಗಿಯಬೇಕಿದ್ದ ಎಂಎಸ್ಸಿ 6ಕ್ಕೆ ಮುಗಿಯಿತು. ಕುಡಿ ಚಿವುಟಿದರೆ ಹೂ ಜಾಸ್ತಿ ಎಂಬ ನನ್ನ ಸಂಶೋಧನೆಯ ಸಾರ ಕೇಳಿ ಅಮ್ಮ ಏನೂ ಹೇಳಲಿಲ್ಲ, ಒಲೆಯ ಕಡೆಯೇ ತಿರುಗಿದ್ದರು.

ನಿಮ್ಮ ಅಂಗಳದ ಕುಂಡದಲ್ಲಿ ಸೇವಂತಿಗೆ ಎಲೆ ಮಾತ್ರ ಬಿಡುತ್ತಿದ್ದರೆ ಗೊಬ್ಬರದ ಅಂಗಡಿಗೆ ಓಡುವ ಮೊದಲು ರಾತ್ರಿ ಹೊರಗೆ ಬಂದು ಬೀದಿದೀಪ ಎಲ್ಲಿದೆ ನೋಡಿ, ಕುಂಡವನ್ನು ಕತ್ತಲಿಗೆ ಸರಿಸಿ. ಸಲಹೆಗೆ ದುಡ್ಡಿಲ್ಲ. ಹಾಗೆಯೇ, 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ಒಂದು ಮಾರಾಟಕ್ಕಿದೆ. ಒಂದೇ ಬೆಳೆಗೆ ಬಳಸಿದ್ದು. ದನ ಬಾರದಿರುವುದಕ್ಕೆ ಗ್ಯಾರಂಟಿ.