‘ನಮ್ಮ ತಂಡ’ ಪುಟದಲ್ಲಿ ಇಲ್ಲದವನ ಬಹಿರಂಗ ಪತ್ರ

ಮಾನ್ಯ ಸಂಸ್ಥಾಪಕರಿಗೆ,

ಕರ್ನೂಲು ಜಿಲ್ಲೆಯ ಪೆದ್ದಕಡುಬೂರಿನಿಂದ ನಿಮ್ಮ ವೆಬ್‌ಸೈಟು ನೋಡಿಕೊಳ್ಳುತ್ತಿದ್ದ ಇಂಟರ್ನ್ ನಾನು.

ನೀವು ನನ್ನ ಮುಖ ನೋಡಿಲ್ಲ. ನೆಟ್ ಸಾಲದೆ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡೇ ಕೂರುತ್ತಿದ್ದೆ. ನಿಮ್ಮ ಮುಖ ಮಾತ್ರ ನನಗೆ ಚೆನ್ನಾಗಿ ಗೊತ್ತು. ನೀವು ಕಳಿಸಿದ 8 ಎಂಬಿ ಫೋಟೊವನ್ನು ವೆಬ್‌ಪಿಗೆ ತಿರುಗಿಸಿ, 150 ಕೆಬಿಗೆ ಇಳಿಸಿ, ನಿಮ್ಮ ಕಿವಿಯ ಹಿಂದೆ ಒಣಗುತ್ತಿದ್ದ ಟವೆಲನ್ನು ಅಳಿಸಿ ಹಾಕಿದವನು ನಾನೇ. ಅದರ ಕೆಳಗೆ ‘ದಶಕಗಳ ಅನುಭವ’ ಎಂದು ಬರೆಯಲು ಹೇಳಿದಿರಿ. ಕಂಪನಿಗೆ ಇನ್ನೂ ಮೂರು ವರ್ಷ ತುಂಬಿಲ್ಲವಲ್ಲ ಸರ್ ಎಂದರೆ, ‘ಎಲ್ಲರ ಅನುಭವ ಕೂಡಿಸು’ ಎಂದಿರಿ. ಕೂಡಿಸಿದೆ. ‘ನಮ್ಮ ತಂಡ’ ಪುಟದಲ್ಲಿ ನಗುತ್ತಿರುವ ಆರು ಜನರನ್ನು ಪುಕ್ಕಟೆ ಫೋಟೊ ಸಿಗುವ ಕಡೆಯಿಂದ ತಂದು ಕೂರಿಸಿದೆ. ಕಂಪನಿಯಲ್ಲಿ ನನ್ನ ಹಾಗೆ ಸಂಬಳ ಕೇಳದವರು ಅವರಷ್ಟೇ.

ಸೈಟಿಗೆ ಕನ್ನಡ ಪುಟವೂ ಬೇಕೆಂದಾಗ, ‘ನೀನು ಆಂಧ್ರದವನು, ಕನ್ನಡ ಬರುತ್ತದಾ?’ ಎಂದು ಕೇಳಿದಿರಿ. 1953ರ ಅಕ್ಟೋಬರ್ 1ರವರೆಗೆ ನಮ್ಮ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು ಸರ್. ಆ ದಿನ ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಗಡಿ ಸರಿಯಿತು, ಮನೆಮಾತು ಮನೆಯಲ್ಲೇ ಉಳಿಯಿತು. ಅಂದು ಗೆರೆ ಎಳೆದವರು ಗಡಿಯಾಚೆ ಕನ್ನಡ ಬಲ್ಲ ಒಬ್ಬ ಹುಡುಗನನ್ನು ನಿಮಗಾಗಿ ಬಿಟ್ಟಿಯಾಗಿ ಬಿಟ್ಟುಹೋಗಿದ್ದಾರೆಂದು ನೀವು ತಿಳಿದಿರಿ. ಕನ್ನಡ ಪುಟದ ಕೆಲಸವೂ ‘ಕಲಿಕೆ’ಯ ಲೆಕ್ಕಕ್ಕೆ ಹೋಯಿತು.

ನಮ್ಮಮ್ಮ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುತ್ತಾಳೆ. 2023ರ ಜನವರಿಯಿಂದ ಅಲ್ಲಿ ಹಾಜರಿಗೆ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ ಎಲ್ಲರೂ ಸಾಲಾಗಿ ನಿಲ್ಲಬೇಕು, ಕೆಲಸ ನೋಡಿಕೊಳ್ಳುವ ಮೇಟ್ ಫೋಟೊ ತೆಗೆದು ಸಿಗ್ನಲ್ ಹುಡುಕುತ್ತಾ ಬದುವಿನ ಮೇಲೆ ಓಡಾಡಬೇಕು. ನನ್ನದೂ ಅದೇ ಕಥೆ: ಹಾಜರಿಗೆಂದು ಬೆಳಗ್ಗೆ ನಿಮಗೊಂದು ಸ್ಕ್ರೀನ್‌ಶಾಟ್, ಸಂಜೆ ಒಂದು. ವ್ಯತ್ಯಾಸ ಇಷ್ಟೇ, 2025-26ಕ್ಕೆ ಆಂಧ್ರದಲ್ಲಿ ಅಮ್ಮನ ಕೂಲಿಯ ದರ ದಿನಕ್ಕೆ 307 ರೂಪಾಯಿ ಎಂದು ಗೊತ್ತಾಗಿತ್ತು. ಕೆಲಸದ ಅಳತೆಯಲ್ಲಿ ಕಡಿತವಾಗಬಹುದು, ಖಾತೆಗೆ ಬೀಳಲು ತಡವಾಗಬಹುದು, ಆದರೆ ದರ ಅಂತ ಒಂದಿದೆ. ಚಳಿಗಾಲದಲ್ಲಿ ನಮ್ಮ ಕಡೆಯಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಗುಳೆ ಹೋಗುವವರು ಕೂಡ ಗಾಡಿ ಹತ್ತುವ ಮೊದಲೇ ಮೇಸ್ತ್ರಿಯ ಬಾಯಿಂದ ದರ ಹೇಳಿಸುತ್ತಾರೆ. ನಾನು ಓದಿದವನು, ಕೇಳಲು ನಾಚಿಕೊಂಡೆ.

‘ಎಷ್ಟು ಕೊಡ್ತಾರಪ್ಪಾ?’ ಎಂದಳು ಅಮ್ಮ.

‘ಕೊಡೋದಿಲ್ಲಮ್ಮ, ಕೆಲಸ ಕಲಿಸ್ತಾರೆ.’

‘ಯಾರು ಕಲಿಸ್ತಾರೆ?’

ಉತ್ತರ ಹುಡುಕುತ್ತಾ ಯೂಟ್ಯೂಬ್ ತೆರೆದೆ. ವರ್ಡ್‌ಪ್ರೆಸ್, ಸಿಪ್ಯಾನಲ್, ಡಿಎನ್‌ಎಸ್ ಎಲ್ಲವನ್ನೂ ನನಗೆ ಕಲಿಸಿದ್ದು ಅದೇ. ನೀವು ಕಲಿಸಿದ್ದು ‘ಅರ್ಜೆಂಟ್’ ಎಂಬುದೊಂದನ್ನು.

ನನ್ನ ದರ್ಜೆ ಗಡಿಯಾರ ನೋಡಿ ಬದಲಾಗುತ್ತದೆ ಎಂಬುದು ತಿಳಿದದ್ದು, ನೀವೇ ಹೇಳಿ ಮಾಡಿಸಿದ ಪ್ಲಗಿನ್ ಅಪ್‌ಡೇಟ್‌ನಿಂದ ಸೈಟು ತೆರೆಯದೆ ಬರೀ ಬೆಳ್ಳಗಾದ ರಾತ್ರಿ. ಹನ್ನೆರಡಕ್ಕೆ ಫೋನ್ ಮಾಡಿ ‘ಜವಾಬ್ದಾರಿ ಬೇಡವಾ?’ ಎಂದು ಗದರಿದಿರಿ. ಆಗ ನಾನು ನೌಕರ. ಫೋಲ್ಡರಿನ ಹೆಸರು ಬದಲಿಸಿ, ಪ್ಲಗಿನ್ ಕಳಚಿ, ಸೈಟು ಎಬ್ಬಿಸಿದ ಮೇಲೆ ಮರುದಿನ ಸ್ಟೈಪೆಂಡ್ ಎಂದೆ. ‘ನೀನಿನ್ನೂ ವಿದ್ಯಾರ್ಥಿ’ ಎಂದಿರಿ. ಕೆಟ್ಟಾಗ ನೌಕರ, ಕೊಡುವಾಗ ವಿದ್ಯಾರ್ಥಿ. ಇನ್ನು ‘ನಾವೆಲ್ಲ ಒಂದೇ ಕುಟುಂಬ’ ಎಂಬ ನಿಮ್ಮ ಮಾತು. ಮನೆಯ ಕಿರಿಮಗನಿಗೆ ಯಾರೂ ಸಂಬಳ ಕೊಡುವುದಿಲ್ಲ, ಒಪ್ಪಿದೆ. ಆದರೆ ಊಟಕ್ಕಾದರೂ ಕರೆಯುತ್ತಾರೆ.

ತಪ್ಪೆಲ್ಲ ನಿಮ್ಮೊಬ್ಬರದೇ ಅಲ್ಲ. ನಮ್ಮ ರಾಜ್ಯ 2020-21ರ ಪಠ್ಯಕ್ರಮದಲ್ಲಿ ಪದವಿಗೆ ಒಟ್ಟು 10 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಹತ್ತಿ ಮಾರುಕಟ್ಟೆಯೇ ಬದುಕಾದ ಆದೋನಿಯ ಸುತ್ತ ಇಷ್ಟು ಹುಡುಗರಿಗೆ ಕಂಪನಿ ಎಲ್ಲಿಂದ ಬರಬೇಕು? ಸರ್ಟಿಫಿಕೇಟು ಬೇಕೇ ಬೇಕಾದವನು ಎಲ್ಲದಕ್ಕೂ ಹೂಂ ಅನ್ನುತ್ತಾನೆ. ಅದು ಗೊತ್ತಿದ್ದೇ ನೀವು ಕೊನೆಯಲ್ಲಿ ‘ಸರ್ಟಿಫಿಕೇಟ್ ಪ್ರೊಸೆಸಿಂಗ್ ಫೀ’ ಕೇಳಿದಿರಿ. ದುಡಿದವನೇ ದುಡ್ಡು ಕೊಡಬೇಕು! ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಗೆ ನೀವು ಆನ್‌ಲೈನ್ ಪೇಮೆಂಟ್ ಲಿಂಕ್ ಜೋಡಿಸಿದಿರಿ. ಆ ಲಿಂಕ್ ಮಾಡಿದವನೂ ನಾನೇ.

ಕಾನೂನಿಗೆ ಕಲಿಯುವವನ ಹೊಟ್ಟೆಯ ನೆನಪಿಲ್ಲವೆಂದಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಸ್ಟೈಪೆಂಡ್ ಕೊಡಲೇಬೇಕು. ಅದರ ನಿಯಮಗಳ 2019ರ ತಿದ್ದುಪಡಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದಿತು. 2024ರಲ್ಲಿ ಬಂದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ 5,000 ಎಂದಿತು, ಆದರೆ ಅದು ದೇಶದ ದೊಡ್ಡ 500 ಕಂಪನಿಗಳ ಬಾಗಿಲು. ನೀವು ಸಣ್ಣವರು. ‘ದಶಕಗಳ ಅನುಭವ’ ಎಂದು ಬರೆಸುವಾಗ ದೊಡ್ಡವರು, ಹಣದ ಮಾತು ಬಂದಾಗ ಸಣ್ಣವರು.

ಆದ್ದರಿಂದ ಮೂರೇ ವಿನಂತಿ. ನನ್ನ ಜಿಮೇಲಿಗೆ ಬರುತ್ತಿರುವ ನಿಮ್ಮ ‘ಸಂಪರ್ಕಿಸಿ’ ಫಾರ್ಮಿನ ಪತ್ರಗಳನ್ನು ನಿಮ್ಮ ಕಡೆಗೆ ತಿರುಗಿಸಿಕೊಳ್ಳಿ. ಅದರಲ್ಲಿ ಗ್ರಾಹಕರೂ ಇದ್ದಾರೆ, ಬಾಕಿ ಕೇಳುವವರೂ ಇದ್ದಾರೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿಕೊಳ್ಳಿ; ಅದು ನನಗೊಬ್ಬನಿಗೇ ನೆನಪಿರುವುದು ನಿಮಗೂ ಒಳ್ಳೆಯದಲ್ಲ, ನನಗೂ ಅಲ್ಲ. ಕೊನೆಯದು ‘ಉದ್ಯೋಗಾವಕಾಶ’ ಪುಟ. ಮುಂದಿನ ಇಂಟರ್ನ್‌ಗಾಗಿ ಹಾಕಿದ ಜಾಹೀರಾತಿನಲ್ಲಿ ‘ಸ್ಟೈಪೆಂಡ್: ಸಾಧನೆಗೆ ತಕ್ಕಂತೆ’ ಎಂದಿತ್ತು. ಅದನ್ನು ತೆಗೆದು ‘ಸ್ಟೈಪೆಂಡ್: ಇಲ್ಲ’ ಎಂದು ತಿದ್ದಿ ಡ್ರಾಫ್ಟಿನಲ್ಲಿಟ್ಟಿದ್ದೇನೆ. ಅಲ್ಲಿ ಒಂದು ಅಂಕಿ ಹಾಕುವ ಮನಸ್ಸಾದರೆ ಹಾಕಿ. ಇಲ್ಲವಾದರೆ ಇದ್ದದ್ದನ್ನೇ ಪಬ್ಲಿಷ್ ಮಾಡಿ. ನೀಲಿ ಬಟನ್, ಬಲಗಡೆ ಮೇಲಿದೆ.

ಇಂತಿ,
ನಿಮ್ಮ ಮಾಜಿ ಇಂಟರ್ನ್
ಪೆದ್ದಕಡುಬೂರು